ಉಗಿ ಎಂಜಿನಿನ ಅಂತ್ಯಕಾಲ: ಒಂದು ಗುಜರಿ ಅಂಗಳದ ಮಾದರಿಯನ್ನು ಕುರಿತ ಐತಿಹಾಸಿಕ ವಿಚಾರ

ರೈಲ್ವೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಾರಂಭೋತ್ಸವಗಳಿಂದ ತೊಡಗುತ್ತಾರೆ. ಮದರಾಸಿನ ಕಡೆಯಿಂದ ಬ್ರಾಡ್ ಗೇಜ್ ದಾರಿ ೧೮೬೪ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದುದು, ದೊಡ್ಡ ಕ್ಷಾಮದ ತರುವಾಯ ಕಟ್ಟಿದ ಮೀಟರ್ ಗೇಜ್ ದಾರಿ ೧೮೮೨ರಲ್ಲಿ ಮೈಸೂರನ್ನು ಮುಟ್ಟಿದುದು, ೧೯೧೫ರಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಕಿರು ರೈಲು ಓಡತೊಡಗಿದುದು, ಇವೆಲ್ಲಕ್ಕೂ ನಮ್ಮ ಪುಸ್ತಕಗಳಲ್ಲಿ ತಾರೀಖುಗಳು ದೊರೆಯುತ್ತವೆ. ಆದರೆ ಆ ದಾರಿಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಹೊಗೆಯುಗುಳಿದ ಎಂಜಿನುಗಳು ಎಲ್ಲಿ, ಹೇಗೆ, ಯಾವ ಕ್ರಮದಲ್ಲಿ ಇಲ್ಲವಾದುವೆಂಬುದನ್ನು ಕೇಳಿದರೆ ಪುಸ್ತಕಗಳು ಸುಮ್ಮನಾಗುತ್ತವೆ. ಹುಟ್ಟಿಗೆ ತಾರೀಖು ಉಂಟು, ಸಾವಿಗೆ ಇಲ್ಲ. ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಈ ಅಂತ್ಯಕಾಲವನ್ನು.

ಇದಕ್ಕಾಗಿ ನಾವು ಹಿಡಿದ ದಾರಿ ಸ್ವಲ್ಪ ವಿಲಕ್ಷಣವಾದುದು. ಜಯನಗರದ ಒಂದು ಮನೆಯ ಮಹಡಿಯ ಕೋಣೆಯಲ್ಲಿ, ಕೆಲವು ಮಂದಿ ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ೧೨೦ ಸೆಂಟಿಮೀಟರ್ ಉದ್ದ, ೬೦ ಸೆಂಟಿಮೀಟರ್ ಅಗಲದ ಹಲಗೆಯೊಂದರ ಮೇಲೆ, ಸೇವೆಯಿಂದ ತೆಗೆದುಹಾಕಿದ ಉಗಿ ಎಂಜಿನುಗಳು ನಿಂತಿರುವ ಗುಜರಿ ಅಂಗಳದ ಮಾದರಿಯನ್ನು ಕಟ್ಟತೊಡಗಿದೆವು. ಇದನ್ನು ಮಕ್ಕಳಾಟವೆಂದು ನಗುವವರು ಇರಬಹುದು. ನಗಲಿ. ಲೇಖಕನಾದವನು ‘ಎಂಜಿನುಗಳನ್ನು ಗುಜರಿಗೆ ಹಾಕಲಾಯಿತು’ ಎಂದು ಒಂದು ವಾಕ್ಯವನ್ನು ಬರೆದು ಮುಂದೆ ಸಾಗಬಹುದು. ಮಾದರಿ ಕಟ್ಟುವವನು ಹಾಗೆ ಸಾಗಲಾರ. ಎಂಜಿನಿನ ಕೆಳಗಿನ ನೆಲ ಕೆಂಪೋ ಕಪ್ಪೋ, ಗಾಲಿಗಳನ್ನು ಕೂಡಿಸುವ ಸಲಾಕೆಗಳು ಇನ್ನೂ ಇವೆಯೋ ಕಳಚಿಹೋಗಿವೆಯೋ, ಹಳಿಯ ಬದಿಯಲ್ಲಿ ಬೆಳೆದ ಗಿಡ ಯಾವುದು, ಕತ್ತರಿಸುವವನ ಕಾಲಿನಲ್ಲಿ ಏನಿತ್ತು, ಈ ಒಂದೊಂದಕ್ಕೂ ಅವನು ಉತ್ತರ ಕೊಡಲೇಬೇಕು. ಕೊಡದಿದ್ದರೆ ಹಲಗೆಯ ಮೇಲೆ ಆ ಜಾಗ ಬರಿದಾಗಿ ಉಳಿಯುತ್ತದೆ. ಹೀಗೆ ತಪ್ಪಿಸಿಕೊಳ್ಳಲಾಗದಂತೆ ಪ್ರಶ್ನೆ ಕೇಳುವ ಸಾಧನವನ್ನು ಚರಿತ್ರೆಯ ವಿದ್ಯಾರ್ಥಿ ಹಗುರವಾಗಿ ಕಾಣತಕ್ಕದ್ದಲ್ಲ.

ಜಯನಗರದಲ್ಲಿ ಈ ಕೆಲಸ ನಡೆದುದರಲ್ಲಿ ಒಂದು ವಿನೋದವೂ ಉಂಟು. ೧೯೪೮ರಲ್ಲಿ ಅಸ್ತಿಭಾರ ಪಡೆದ ಈ ಬಡಾವಣೆಯೂ, ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಬೆಳೆದ ಬನಶಂಕರಿ, ಜೆ. ಪಿ. ನಗರಗಳೂ ಉಗಿ ಎಂಜಿನನ್ನು ತಮ್ಮ ಬೀದಿಯ ಕೊನೆಯಲ್ಲಿ ಎಂದೂ ಕಂಡವಲ್ಲ. ಇಲ್ಲಿಯವರಿಗೆ ಹತ್ತಿರದ ದಾರಿಯೆಂದರೆ ನಾಯಂಡಹಳ್ಳಿ, ಕೆಂಗೇರಿಗಳ ಮೇಲೆ ಹೋಗುವ ಮೈಸೂರಿನ ದಾರಿಯೇ. ಬಡಾವಣೆಯ ಒಳಕ್ಕೇ ಹಳಿ ಬಂದುದು ೨೦೧೭ರಲ್ಲಿ, ಅದೂ ಕಂಬಗಳ ಮೇಲೆ, ವಿದ್ಯುತ್ತಿನ ಮೆಟ್ರೋ ರೂಪದಲ್ಲಿ, ಬಿ. ಟಿ. ಎಂ. ಬಡಾವಣೆಗೆ ಬಂದುದು ೨೦೨೫ರಲ್ಲಿ. ನಮ್ಮೊಡನೆ ಕೆಲಸಮಾಡಿದ ವಿದ್ಯಾರ್ಥಿಗಳಿಗೆ ರೈಲೆಂದರೆ ಸದ್ದಿಲ್ಲದೆ ತಲೆಯ ಮೇಲೆ ಹಾಯುವ ವಸ್ತು. ಕಲ್ಲಿದ್ದಲನ್ನು ಕೈಯಲ್ಲಿ ಹಿಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದುದರಿಂದ ಅವರು ನೆನಪಿನ ಮೋಹವಿಲ್ಲದೆ ಪ್ರಮಾಣಗಳನ್ನು ಮಾತ್ರ ನೋಡಿದರು. ಇದು ಲಾಭವೇ ಆಯಿತು.

ಎಂಜಿನುಗಳ ಗುಜರಿ ಅಂಗಳವನ್ನು ಮಾದರಿಯಾಗಿ ಕಟ್ಟುವ ಹವ್ಯಾಸ ಮುಖ್ಯವಾಗಿ ಇಂಗ್ಲೆಂಡಿನ ಕಡೆಯಿಂದ ಬಂದುದು. ಅದಕ್ಕೆ ಕಾರಣವಾದ ಸ್ಥಳವೂ ಒಂದಿದೆ. ದಕ್ಷಿಣ ವೇಲ್ಸಿನ ಬ್ಯಾರಿ ಎಂಬ ಬಂದರು ಪಟ್ಟಣದಲ್ಲಿ ವುಡ್‌ಹ್ಯಾಮ್ ಸಹೋದರರ ಗುಜರಿ ವ್ಯಾಪಾರವಿತ್ತು. ೧೯೫೯ರಿಂದ ಮುಂದಕ್ಕೆ ಅವರು ಬ್ರಿಟಿಷ್ ರೈಲ್ವೆಯಿಂದ ೨೯೭ ಉಗಿ ಎಂಜಿನುಗಳನ್ನು ಕೊಂಡರು. ಆದರೆ ಸಾಮಾನು ಸಾಗಿಸುವ ಹಳೆಯ ವ್ಯಾಗನ್ನುಗಳೂ ಅವರಿಗೆ ಹೇರಳವಾಗಿ ದೊರೆಯುತ್ತಿದ್ದುವು. ವ್ಯಾಗನ್ನನ್ನು ಒಡೆಯುವುದು ಸುಲಭ, ಎಂಜಿನನ್ನು ಒಡೆಯುವುದು ಕಷ್ಟ. ಸುಲಭವಾದುದನ್ನು ಮೊದಲು ಮಾಡೋಣವೆಂದು ಎಂಜಿನುಗಳನ್ನು ಬದಿಗೆ ನಿಲ್ಲಿಸಿದರು. ೧೯೬೮ರ ಆಗಸ್ಟಿನಲ್ಲಿ ಆ ದೇಶದ ಮುಖ್ಯ ದಾರಿಗಳಲ್ಲಿ ಉಗಿಯ ಯುಗ ಮುಗಿದಾಗಲೂ ಬ್ಯಾರಿಯ ಅಂಗಳದಲ್ಲಿ ಅವು ಸಾಲುಸಾಲಾಗಿ ನಿಂತೇ ಇದ್ದುವು. ಕಡಲ ಗಾಳಿಯ ಉಪ್ಪಿನಲ್ಲಿ ಇಪ್ಪತ್ತು ವರ್ಷ ನೆನೆದು ನೆತ್ತಿಯಿಂದ ಗಾಲಿಯವರೆಗೆ ಕೆಂಪಾದ ಆ ಎಂಜಿನುಗಳನ್ನು ಹವ್ಯಾಸಿಗಳು ಒಂದೊಂದಾಗಿ ಕೊಂಡು ಬಿಡಿಸಿಕೊಂಡುಹೋದರು. ಹಾಗೆ ಬದುಕಿದವು ೨೧೩. ಕೊನೆಯದು ಅಂಗಳವನ್ನು ಬಿಟ್ಟುದು ೧೯೯೦ರ ಜನವರಿಯಲ್ಲಿ. ಜಗತ್ತಿನ ಮಾದರಿಗಾರರ ಮನಸ್ಸಿನಲ್ಲಿ ಎಂಜಿನುಗಳ ಗುಜರಿಯೆಂದರೆ ಈ ಚಿತ್ರವೇ ನೆಲೆನಿಂತಿದೆ: ಬಹುಕಾಲ ನಿಂತು ತುಕ್ಕಿನಲ್ಲಿ ಮುಳುಗಿದ ಸಾಲು. ಮಾರುಕಟ್ಟೆಯಲ್ಲಿ ದೊರೆಯುವ ಸಾಮಗ್ರಿ, ಬಣ್ಣ, ಕೈಪಿಡಿ ಎಲ್ಲವೂ ಈ ಚಿತ್ರವನ್ನೇ ಅನುಸರಿಸುತ್ತವೆ.

ಈ ಚಿತ್ರವನ್ನು ತಂದು ಕರ್ಣಾಟಕದ ನೆಲದ ಮೇಲೆ ಇಟ್ಟರೆ ಅದು ಸುಳ್ಳಾಗುತ್ತದೆ. ಇದೇ ನಮ್ಮ ಮುಖ್ಯ ಪ್ರತಿಪಾದನೆ.

ಕಾರಣವನ್ನು ತಿಳಿಯಲು ಮೀಟರ್ ಗೇಜಿನ ಕಥೆಯನ್ನು ಸಂಕ್ಷೇಪವಾಗಿ ನೋಡಬೇಕು. ಮೈಸೂರು ಸಂಸ್ಥಾನದ ದಾರಿಗಳಲ್ಲಿ ಬಹುಭಾಗ ಮೀಟರ್ ಗೇಜಿನವು. ೧೮೮೬ರಲ್ಲಿ ಮೈಸೂರಿನ ದಾರಿ ಸದರ್ನ್ ಮರಾಠಾ ಕಂಪೆನಿಯ ಆಡಳಿತಕ್ಕೆ ಹೋಯಿತು. ೧೯೧೯ರಿಂದ ಸಂಸ್ಥಾನವೇ ತನ್ನ ದಾರಿಗಳನ್ನು ವಹಿಸಿಕೊಳ್ಳತೊಡಗಿತು. ಹುಬ್ಬಳ್ಳಿಯ ಕಾರ್ಯಾಗಾರ ೧೮೮೫ರದು, ಮೈಸೂರಿನದು ೧೯೨೪ರದು. ೧೯೫೧ರ ಏಪ್ರಿಲ್ ೧೪ರಂದು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಅದೇ ಸುಮಾರಿಗೆ ಇಡೀ ಭಾರತದ ಮೀಟರ್ ಗೇಜಿಗೆ ಒಂದೇ ಬಗೆಯ ಎಂಜಿನುಗಳು ಬರತೊಡಗಿದುವು: ಪ್ರಯಾಣಿಕರ ಗಾಡಿಗೆ ವೈ. ಪಿ., ಸಾಮಾನಿನ ಗಾಡಿಗೆ ವೈ. ಜಿ. ಮೊದಲನೆಯ ವರ್ಗದಲ್ಲಿ ೮೭೧, ಎರಡನೆಯದರಲ್ಲಿ ೧೦೭೪ ತಯಾರಾದುವು. ವೈ. ಪಿ. ವರ್ಗದ ಕೊನೆಯವು ೧೯೭೦ರಲ್ಲಿ ಜಮ್‌ಶೇಡ್‌ಪುರದಿಂದಲೂ, ವೈ. ಜಿ.ಯ ಕೊನೆಯದು ೧೯೭೨ರಲ್ಲಿ ಚಿತ್ತರಂಜನದಿಂದಲೂ ಹೊರಬಂದುವು. ರೈಲ್ವೆಯ ಲೆಕ್ಕದ ನಿಯಮಗಳು ಉಗಿ ಎಂಜಿನಿಗೆ ಗೊತ್ತುಮಾಡಿದ ಆಯುಸ್ಸು ೪೦ ವರ್ಷ. ಅಂದರೆ ಕಡೆಯ ಎಂಜಿನುಗಳು ೨೦೧೦ರ ಆಚೆಗೂ ದುಡಿಯಬೇಕಾಗಿದ್ದವು.

ಅವು ದುಡಿಯಲಿಲ್ಲ. ಡೀಸೆಲ್ ಎಂಜಿನುಗಳು ಬಂದುದು ಒಂದು ಕಾರಣ. ಆದರೆ ಆ ಕಾರಣ ಇಂಗ್ಲೆಂಡಿಗೂ ನಮಗೂ ಸಮಾನ. ನಮ್ಮಲ್ಲಿ ಅದಕ್ಕಿಂತ ಬಲವಾದ ಇನ್ನೊಂದು ಕಾರಣ ಸೇರಿಕೊಂಡಿತು. ೧೯೯೨ರಲ್ಲಿ ಭಾರತೀಯ ರೈಲ್ವೆ ದೇಶಕ್ಕೆಲ್ಲ ಒಂದೇ ಗೇಜು ಇರಬೇಕೆಂಬ ಯೋಜನೆಯನ್ನು ಕೈಗೊಂಡಿತು. ಆ ದಶಕದಲ್ಲಿ ಬೆಂಗಳೂರು–ಮೈಸೂರು ದಾರಿಯೂ ನಾಡಿನ ಇತರ ಅನೇಕ ದಾರಿಗಳೂ ಬ್ರಾಡ್ ಗೇಜಾದುವು. ಬ್ರಾಡ್ ಗೇಜಿನಲ್ಲಿ ಉಗಿಯ ನಿಯತ ಓಡಾಟ ೧೯೯೫ರ ಡಿಸೆಂಬರಿನಲ್ಲಿ ಪಂಜಾಬಿನಲ್ಲಿ ಮುಗಿಯಿತು; ಮೀಟರ್ ಗೇಜಿನಲ್ಲಿಯೂ ೨೦೦೦ದ ಹೊತ್ತಿಗೆ ಮುಗಿದುಹೋಯಿತು. ಡೀಸೆಲ್ ಬಂದಾಗ ಉಗಿ ಎಂಜಿನು ಮೂಲೆ ಸೇರುತ್ತದೆ. ಅದಕ್ಕೊಂದು ಮೂಲೆಯಾದರೂ ಇರುತ್ತದೆ. ಗೇಜು ಬದಲಾದಾಗ ಮೂಲೆಯೂ ಉಳಿಯುವುದಿಲ್ಲ. ಎಂಜಿನು ನಿಂತ ಕಂಬಿಯನ್ನು ಉಳಿದ ದಾರಿಗೆ ಕೂಡಿಸುತ್ತಿದ್ದ ಕಂಬಿಯೇ ಕಿತ್ತುಹೋಗುತ್ತದೆ. ನಡೆಯಬಲ್ಲ ಎಂಜಿನು, ನಡೆಯಲು ದಾರಿಯಿಲ್ಲದೆ, ನೀರಿಳಿದ ಕೆರೆಯ ದೋಣಿಯಂತೆ ನಿಂತುಬಿಡುತ್ತದೆ. ಅದನ್ನು ನಿಂತಲ್ಲೇ ಕತ್ತರಿಸಬೇಕು. ಇಲ್ಲವೆ ಲಾರಿಯ ಮೇಲೆ ಹೇರಿ ಸಾಗಿಸಬೇಕು.

ಆದುದರಿಂದ ನಮ್ಮ ಹಲಗೆಯ ಮೇಲಿನ ದೃಶ್ಯದಲ್ಲಿ ಕಣ್ಣಿಗೆ ಮೊದಲು ಬೀಳಬೇಕಾದುದು ತುಕ್ಕಲ್ಲ, ಕಡಿದ ಕಂಬಿ. ನಾವು ಕಟ್ಟಿರುವುದು ಮೀಟರ್ ಗೇಜಿನ ಒಂದು ಲೋಕೋ ಷೆಡ್ಡಿನ ಹಿಂಬದಿಯ ದಾರಿ. ಕಾಲ ೧೯೯೩–೯೪ರ ಚಳಿಗಾಲ. ಮೂರು ಎಂಜಿನುಗಳು ಒಂದರ ಹಿಂದೆ ಒಂದು ನಿಂತಿವೆ. ಅವುಗಳ ಮುಂದೆ ನಾಲ್ಕು ಅಂಗುಲದಾಚೆ ಹಳಿ ಮುಗಿಯುತ್ತದೆ. ಮುಂದಕ್ಕೆ ಜಲ್ಲಿಯಲ್ಲಿ ಸ್ಲೀಪರುಗಳ ಗುರುತು ಮಾತ್ರ ಇದೆ. ಅದರ ಪಕ್ಕದಲ್ಲಿ ಬ್ರಾಡ್ ಗೇಜಿಗೆಂದು ತಂದು ಒಟ್ಟಿದ ಹೊಸ ಕಾಂಕ್ರೀಟ್ ಸ್ಲೀಪರುಗಳ ರಾಶಿ. ಇದು ಯಾವುದೇ ಒಂದು ಊರಿನ ನಿಲ್ದಾಣದ ಪ್ರತಿಕೃತಿಯಲ್ಲ; ಆ ಕಾಲದ ಇಂಥ ಹಲವು ಸ್ಥಳಗಳ ಸಾಮಾನ್ಯ ಲಕ್ಷಣಗಳನ್ನು ಕೂಡಿಸಿದ್ದು. ಚಾರಿತ್ರಿಕ ಮಾದರಿಯನ್ನು ಕಟ್ಟುವವರು ತಮ್ಮದು ವ್ಯಕ್ತಿಚಿತ್ರವೋ ವರ್ಗಚಿತ್ರವೋ ಎಂಬುದನ್ನು ಹಲಗೆಯ ಮೇಲೆಯೇ ಬರೆದಿಡುವುದು ಒಳ್ಳೆಯದು. ನಾವು ಬರೆದಿದ್ದೇವೆ.

ಮೂರೇ ಎಂಜಿನುಗಳೇಕೆಂಬ ಪ್ರಶ್ನೆಗೆ ಉತ್ತರ ಅಳತೆಯಲ್ಲಿದೆ. ನಾವು ಹಿಡಿದ ಪ್ರಮಾಣ ೮೭ರಲ್ಲಿ ೧. ಈ ಪ್ರಮಾಣದಲ್ಲಿ ನಮ್ಮ ಹಲಗೆಯ ಉದ್ದ ನಿಜದ ಸುಮಾರು ೧೦೪ ಮೀಟರಿಗೆ ಸಮ. ಟೆಂಡರೂ ಸೇರಿ ವೈ. ಪಿ. ಎಂಜಿನಿನ ಉದ್ದ ಸುಮಾರು ೧೯ ಮೀಟರ್. ಮಾದರಿಯಲ್ಲಿ ೨೨ ಸೆಂಟಿಮೀಟರ್. ನಾಲ್ಕನ್ನು ನಿಲ್ಲಿಸಿದರೆ ಕಡಿದ ಕಂಬಿಗೆ ಜಾಗ ಸಾಲದು.

ಹೊರದೇಶದ ಸಾಮಗ್ರಿ ಇಲ್ಲಿ ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಮೋಸಮಾಡುತ್ತದೆ ಎಂಬುದು ಗೇಜಿನ ಲೆಕ್ಕದಿಂದಲೇ ತಿಳಿಯುತ್ತದೆ. ಈ ಪ್ರಮಾಣದಲ್ಲಿ ಅಂಗಡಿಗಳಲ್ಲಿ ಎಲ್ಲೆಲ್ಲಿಯೂ ಸಿಗುವ ಹಳಿಯ ಅಗಲ ೧೬.೫ ಮಿಲಿಮೀಟರ್, ಅದು ಯೂರೋಪಿನ ೧೪೩೫ ಮಿಲಿಮೀಟರ್ ಗೇಜಿಗೆ ಹೊಂದುವುದು. ನಮ್ಮ ಬ್ರಾಡ್ ಗೇಜ್ ೧೬೭೬ ಮಿಲಿಮೀಟರ್. ಅದಕ್ಕೆ ೧೯ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಅಗಲ ಬೇಕು. ಆದುದರಿಂದ ಭಾರತದ ಬ್ರಾಡ್ ಗೇಜನ್ನು ಕಟ್ಟುವವರು ಒಂದೋ ಹಳಿಯನ್ನು ಕೈಯಿಂದಲೇ ಹಾಕಬೇಕು, ಇಲ್ಲವೆ ಕಣ್ಣು ಮುಚ್ಚಿಕೊಳ್ಳಬೇಕು. ಮೀಟರ್ ಗೇಜಿನವರು ಇವರಿಗಿಂತ ಅದೃಷ್ಟವಂತರು. ಸಾವಿರ ಮಿಲಿಮೀಟರನ್ನು ೮೭ರಿಂದ ಭಾಗಿಸಿದರೆ ಹನ್ನೊಂದೂವರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗಾಗಿ ತಯಾರಾಗುವ ೧೨ ಮಿಲಿಮೀಟರ್ ಹಳಿ ಬಹುಮಟ್ಟಿಗೆ ಸರಿಹೋಗುತ್ತದೆ. ಮೈಸೂರಿನ ದಾರಿಗೂ ಆಲ್ಪ್ಸ್ ಪರ್ವತಕ್ಕೂ ಇಂಥದೊಂದು ಸಂಬಂಧವುಂಟೆಂದು ನಾವು ಮೊದಲು ಊಹಿಸಿರಲಿಲ್ಲ.

ಆದರೆ ಹಳಿ ಸರಿಹೋದರೂ ಸ್ಲೀಪರು ಸರಿಹೋಗುವುದಿಲ್ಲ. ಕೊಂಡ ಹಳಿಯ ಕೆಳಗೆ ಮರದ ತೊಲೆಗಳ ಆಕಾರವಿರುತ್ತದೆ. ನಮ್ಮ ದಾರಿಗಳಲ್ಲಿ ಮರವಿತ್ತು. ಜೊತೆಗೆ ಉಕ್ಕಿನ ದೋಣಿಯಾಕಾರದ ಸ್ಲೀಪರುಗಳೂ, ಬೀಡುಕಬ್ಬಿಣದ ತಟ್ಟೆಗಳನ್ನು ಅಡ್ಡಪಟ್ಟಿಯಿಂದ ಬಿಗಿದ ಸ್ಲೀಪರುಗಳೂ ಬಹಳವಾಗಿದ್ದುವು. ಈ ಮೂರನೆಯ ಬಗೆ ಭಾರತದ ರೈಲ್ವೆಯ ವಿಶೇಷ ಲಕ್ಷಣ. ಷೆಡ್ಡಿನ ಹಿಂದಿನ ದಾರಿಗಳಲ್ಲಿ ಬಗೆಬಗೆಯವು ಬೆರೆತಿರುವುದು ಸಹಜ. ಹಳೆಯದನ್ನು ಅಲ್ಲಿಯೇ ಹಾಕಿ ಮುಗಿಸುವುದು ವಾಡಿಕೆ. ಕೂಡಿಕೆಯ ವಿಷಯವೂ ಹಾಗೆಯೇ. ಬ್ರಾಡ್ ಗೇಜಿನ ಎಂಜಿನಿಗೆ ಎಡಬಲಗಳಲ್ಲಿ ಎರಡು ಬಫರುಗಳು. ಮೀಟರ್ ಗೇಜಿನದಕ್ಕೆ ನಡುವೆ ಒಂದೇ ಬಫರು, ಅದರಲ್ಲಿಯೇ ಕೊಕ್ಕೆ. ಎರಡು ಬಫರುಗಳುಳ್ಳ ಮೀಟರ್ ಗೇಜ್ ಎಂಜಿನು ಮೂರು ಕಣ್ಣಿನ ಮನುಷ್ಯನಷ್ಟೇ ಅಸಂಭವ. ಎಂಜಿನಿನ ಮೈಯನ್ನು ನಾವು ಹಿತ್ತಾಳೆಯ ತಗಡಿನಲ್ಲಿಯೂ ನೀರಿನ ಕೊಳಾಯಿಯ ಪ್ಲಾಸ್ಟಿಕ್ ಕೊಳವೆಯಲ್ಲಿಯೂ ಮಾಡಿಕೊಂಡೆವು. ತಗಡು, ತಂತಿ, ಸಣ್ಣ ತಿರುಪು ಎಲ್ಲವೂ ಎಸ್. ಪಿ. ರಸ್ತೆಯಲ್ಲಿ ದೊರೆತುವು. ೪ ಅಡಿ ೬ ಅಂಗುಲ ವ್ಯಾಸದ ಚಾಲಕ ಗಾಲಿ ಈ ಪ್ರಮಾಣದಲ್ಲಿ ೧೬ ಮಿಲಿಮೀಟರಿಗೆ ಇಳಿಯುತ್ತದೆ. ಓಡದ ಎಂಜಿನಿಗೆ ಮೋಟಾರು ಬೇಡ. ಸತ್ತ ಎಂಜಿನನ್ನು ಕಟ್ಟುವುದರಲ್ಲಿ ಇರುವ ಉಳಿತಾಯ ಇದೊಂದೇ.

ಇನ್ನು ವಿಷಯದ ಮುಖ್ಯ ಭಾಗಕ್ಕೆ ಬರೋಣ. ಎಂಜಿನು ಒಮ್ಮೆಗೇ ಗುಜರಿಯಾಗುವುದಿಲ್ಲ. ಅದರ ದೇಹದಿಂದ ವಸ್ತುಗಳು ಒಂದು ಕ್ರಮದಲ್ಲಿ ಹೊರಟುಹೋಗುತ್ತವೆ. ಆ ಕ್ರಮವನ್ನು ನಿರ್ಣಯಿಸುವುದು ಬೆಲೆ ಮತ್ತು ಅಗತ್ಯ. ಮೊದಲು ಹೋಗುವುವು ಇನ್ನೂ ದುಡಿಯುತ್ತಿರುವ ಅಣ್ಣತಮ್ಮಂದಿರಿಗೆ ಬೇಕಾದುವು: ಬಾಯ್ಲರಿಗೆ ನೀರೂಡುವ ಇಂಜೆಕ್ಟರು, ಒತ್ತಡ ತೋರಿಸುವ ಮಾಪಕ, ನೀರಿನ ಮಟ್ಟದ ಗಾಜು, ದೀಪ, ಬ್ರೇಕಿನ ಭಾಗಗಳು. ಒಂದೇ ವರ್ಗದ ಎಂಜಿನುಗಳು ಸಾವಿರಗಟ್ಟಲೆ ಇದ್ದುದರಿಂದ ಒಂದರ ಅಂಗ ಇನ್ನೊಂದಕ್ಕೆ ಒಪ್ಪುತ್ತಿತ್ತು. ಹೊಸ ಭಾಗಗಳ ತಯಾರಿಕೆ ಕಡಮೆಯಾದಂತೆ ಸತ್ತ ಎಂಜಿನೇ ಬದುಕಿದ ಎಂಜಿನಿನ ಉಗ್ರಾಣವಾಯಿತು. ಆಮೇಲೆ ಹೋಗುವುವು ಬೆಲೆಯ ಲೋಹಗಳು. ತಾಮ್ರದ ಕೊಳವೆ, ಹಿತ್ತಾಳೆಯ ನಲ್ಲಿ, ಅಚ್ಚಿನ ಬೇರಿಂಗಿನ ಕಂಚು, ಸಿಳ್ಳು, ಅಂಕೆಯ ಫಲಕ ಇವು ಕಬ್ಬಿಣದೊಡನೆ ತೂಕಕ್ಕೆ ಹೋಗುವ ವಸ್ತುಗಳಲ್ಲ. ಅವುಗಳ ಲೆಕ್ಕವೇ ಬೇರೆ. ಸತ್ತ ಎಂಜಿನನ್ನು ದೂರ ಎಳೆಯುವಾಗ ಸಿಲಿಂಡರಿನಿಂದ ಗಾಲಿಗೆ ಬರುವ ದೊಡ್ಡ ಸಲಾಕೆಗಳನ್ನು ಕಳಚುತ್ತಾರೆ. ಎಣ್ಣೆ ಕಾಣದ ಸಿಲಿಂಡರಿನೊಳಗೆ ಪಿಸ್ಟನು ಆಡಿದರೆ ಕಚ್ಚಿಕೊಳ್ಳುವ ಭಯ. ಆದುದರಿಂದ ಸಲಾಕೆಗಳಿಲ್ಲದ ಎಂಜಿನು ಬೇರೆ ಕಡೆಯಿಂದ ಎಳೆದು ತಂದದ್ದು, ಸಲಾಕೆಗಳಿರುವುದು ತನ್ನ ಉಗಿಯಿಂದಲೇ ಬಂದು ಇಲ್ಲಿ ಒಲೆ ಆರಿಸಿಕೊಂಡದ್ದು ಎಂದು ಬಹುಮಟ್ಟಿಗೆ ಊಹಿಸಬಹುದು. ಛಾಯಾಚಿತ್ರಗಳನ್ನು ನೋಡುವ ವಿದ್ಯಾರ್ಥಿಗೆ ಈ ಒಂದು ಗುರುತು ಎಷ್ಟೋ ವಿಷಯವನ್ನು ಹೇಳುತ್ತದೆ.

ಇದಾದ ಮೇಲೆ ಬಾಯ್ಲರಿನ ಮೇಲು ಹೊದಿಕೆಯ ತಗಡು. ಅದರೊಳಗಿನ ಕಲ್ನಾರಿನ ಪದರ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದನ್ನು ಈಗ ಎಲ್ಲರೂ ಬಲ್ಲರು. ಅದನ್ನು ಬರಿಗೈಯಲ್ಲಿ ಕಿತ್ತವರ ಗತಿಯೇನೆಂಬುದನ್ನು ರೈಲ್ವೆಯ ಚರಿತ್ರೆಕಾರರು ಕೇಳಲೇಬೇಕು. ಹೊದಿಕೆ ಹೋದ ಬಾಯ್ಲರು ಸಣ್ಣದಾಗಿ, ರಿವೆಟ್ಟಿನ ಸಾಲುಗಳೊಡನೆ, ಬಿಳಿಯ ಚಕ್ಕೆಗಳೊಡನೆ ಕಾಣುತ್ತದೆ. ಕಡೆಗೆ ಅನಿಲದ ಜ್ವಾಲೆ. ಆಮ್ಲಜನಕ ಮತ್ತು ಅಸಿಟಿಲೀನ್ ಸೇರಿದ ಉರಿಯಲ್ಲಿ ಉಕ್ಕಿನ ತಗಡು ಸುಲಭವಾಗಿ ಕತ್ತರಿಸಿಹೋಗುತ್ತದೆ. ಬೀಡುಕಬ್ಬಿಣ ಹಾಗೆ ಕತ್ತರಿಸುವುದಿಲ್ಲ, ಅದನ್ನು ಒಡೆಯಬೇಕು. ಈ ಭೇದವನ್ನು ತಿಳಿಯದೆ ಕಟ್ಟಿದ ಮಾದರಿಗಳಲ್ಲಿ ಎಲ್ಲ ತುಂಡುಗಳ ಅಂಚೂ ಒಂದೇ ಬಗೆಯಾಗಿರುತ್ತದೆ. ಉರಿ ಹಾಯ್ದ ಅಂಚು ಹಲ್ಲುಹಲ್ಲಾಗಿ, ಕರಗಿದ ಹನಿಗಳೊಡನೆ ಇರಬೇಕು; ಅದರ ಪಕ್ಕದ ಬಣ್ಣ ಎರಡು ಬೆರಳಗಲ ಸುಟ್ಟು ಬೂದಿಯ ಬಣ್ಣ ತಳೆದಿರಬೇಕು. ಒಡೆದ ಅಂಚು ಬೂದುಬಣ್ಣದ ಹರಳುಹರಳಾಗಿರಬೇಕು.

ನಮ್ಮ ಮೂರು ಎಂಜಿನುಗಳೂ ಈ ಮೂರು ಘಟ್ಟಗಳಲ್ಲಿವೆ. ಮೊದಲನೆಯದು ನಿನ್ನೆ ಮೊನ್ನೆ ನಿಂತಂತಿದೆ. ಮಾಪಕ ಹೋಗಿದೆ, ಸಿಳ್ಳು ಹೋಗಿದೆ, ಮಿಕ್ಕುದೆಲ್ಲ ಇದೆ. ನಡುವಿನದು ಹೊದಿಕೆ ಕಳೆದುಕೊಂಡಿದೆ. ಮೂರನೆಯದರಲ್ಲಿ ಚಾಲಕನ ಗೂಡೂ ಬಾಯ್ಲರಿನ ಅರ್ಧವೂ ಇಲ್ಲ. ಗಾಲಿಗಳ ಮೇಲೆ ಚೌಕಟ್ಟು ಮಾತ್ರ. ಎಡದಿಂದ ಬಲಕ್ಕೆ ನೋಡಿದರೆ ಒಂದೇ ಎಂಜಿನಿನ ಕೆಲವು ತಿಂಗಳ ಚರಿತ್ರೆ ಒಂದೇ ನೋಟದಲ್ಲಿ ಕಾಣುತ್ತದೆ.

ತುಕ್ಕಿನ ಪ್ರಶ್ನೆ ಈಗ ತಾನಾಗಿ ಬಗೆಹರಿಯುತ್ತದೆ. ಬ್ಯಾರಿಯ ಎಂಜಿನುಗಳಂತೆ ದಶಕಗಟ್ಟಲೆ ನಿಲ್ಲದ, ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲೆ ಉಪ್ಪುಗಾಳಿಯಿಲ್ಲದ ಊರಿನಲ್ಲಿ ನಿಂತ ಎಂಜಿನು ಮೈಯೆಲ್ಲ ಕೆಂಪಾಗುವುದಿಲ್ಲ. ಎಣ್ಣೆ, ಮಸಿ, ಕಪ್ಪು ಬಣ್ಣಗಳ ಪದರ ಬಹುಕಾಲ ಕಾಯುತ್ತದೆ. ತುಕ್ಕು ಮೊದಲು ಬರುವುದು ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ: ಬಣ್ಣ ಸುಟ್ಟುಹೋಗಿ ಒಳಗೆ ನೆನೆದ ಬೂದಿ ಉಳಿದಿರುವ ಹೊಗೆಗೂಡಿನಲ್ಲಿ, ಗಂಧಕವುಳ್ಳ ಕಲ್ಲಿದ್ದಲಿನ ಪುಡಿ ಮಳೆನೀರಿನೊಡನೆ ಸೇರಿ ಹುಳಿಯಾಗುವ ಟೆಂಡರಿನ ತಳದಲ್ಲಿ, ಹೊಸದಾಗಿ ಕತ್ತರಿಸಿದ ಅಂಚಿನಲ್ಲಿ. ಈ ಮೂರು ಕಡೆ ನಾವು ಧಾರಾಳವಾಗಿದ್ದೇವೆ, ಉಳಿದ ಕಡೆ ಜಿಪುಣರಾಗಿದ್ದೇವೆ. ವಿಧಾನ ಸರಳ. ಮೊದಲು ತುಕ್ಕಿನ ಬಣ್ಣವನ್ನು ಬಳಿದು, ಅದು ಒಣಗಿದ ಮೇಲೆ ನೀರು ಸವರಿ ಅಡಿಗೆಯ ಉಪ್ಪನ್ನು ಬೇಕಾದೆಡೆ ಉದುರಿಸಿ, ಮೇಲೆ ಕಪ್ಪನ್ನು ಸಿಂಪಡಿಸಿ, ಆಮೇಲೆ ಉಪ್ಪನ್ನು ತೊಳೆದುಬಿಡುವುದು. ಉಪ್ಪಿದ್ದ ಕಡೆ ಕಪ್ಪು ಎದ್ದುಹೋಗಿ ಕೆಳಗಿನ ಕೆಂಪು ಇಣುಕುತ್ತದೆ.

ನೆಲದ ವಿಷಯದಲ್ಲಿ ಸ್ಥಳೀಯತೆಯ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಮಣ್ಣು ಕೆಂಪು. ಅದರ ಕೆಂಪಿಗೂ ತುಕ್ಕಿನ ಕೆಂಪಿಗೂ ಕಾರಣ ಒಂದೇ, ಕಬ್ಬಿಣದ ಆಕ್ಸೈಡ್. ಹುಬ್ಬಳ್ಳಿಯ ಕಡೆಯ ಎರೆಭೂಮಿಯ ಮೇಲೆ ತುಕ್ಕಿನ ತುಂಡೊಂದು ಬಿದ್ದಿದ್ದರೆ ದೂರದಿಂದಲೇ ಕಾಣುತ್ತದೆ. ಬೆಂಗಳೂರಿನಲ್ಲಿ ಅದು ನೆಲದಲ್ಲಿ ಕರಗಿಹೋಗುತ್ತದೆ. ಆದರೆ ಲೋಕೋ ಷೆಡ್ಡಿನ ನೆಲ ಎರಡು ಊರಿನಲ್ಲಿಯೂ ಕಪ್ಪೇ. ಹಲವು ದಶಕಗಳ ಬೂದಿ, ಕಿಟ್ಟ, ಎಣ್ಣೆಗಳು ಒಂದು ಹೊಸ ಭೂಮಿಯನ್ನೇ ನಿರ್ಮಿಸಿರುತ್ತವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ಆದುದರಿಂದ ಈ ಪದರವೂ ದಪ್ಪ. ನಮ್ಮ ಹಲಗೆಯ ಮೇಲೆ ಹಳಿಗಳ ನಡುವೆ ಕಪ್ಪು, ಅಂಚಿಗೆ ಹೋದಂತೆ ಬೂದು, ಬೇಲಿಯ ಬಳಿ ಮಾತ್ರ ಕೆಂಪು. ಕೆಂಪು ಮಣ್ಣನ್ನು ಬನಶಂಕರಿಯಲ್ಲಿ ಮನೆ ಕಟ್ಟಲು ತೆಗೆದ ಪಾಯದಿಂದ ತಂದು, ತೆಳುಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲಿನಿಂದ ಅಂಟಿಸಿದೆವು. ನೀರಿಗೆ ಒಂದು ಹನಿ ಸಾಬೂನು ಬೆರೆಸಬೇಕು. ಇಲ್ಲದಿದ್ದರೆ ಹನಿ ಮಣ್ಣಿನ ಮೇಲೆ ಗುಂಡಾಗಿ ನಿಂತು ಒಳಗಿಳಿಯುವುದಿಲ್ಲ. ಅಂಟು ಒಣಗಿದ ಮೇಲೆ ಮಣ್ಣಿನ ಬಣ್ಣ ಕಪ್ಪಿಡುವುದರಿಂದ ಮೇಲೆ ಇನ್ನೊಂದು ಪದರ ಒಣ ಧೂಳನ್ನು ಉದುರಿಸಬೇಕಾಗುತ್ತದೆ. ಬೂದಿಯನ್ನು ಬೀದಿಯ ಇಸ್ತ್ರಿ ಗಾಡಿಯವರು ಕೊಟ್ಟರು. ಇದ್ದಿಲ ಬೂದಿ ತೀರ ಬಿಳಿ. ಅರೆದ ಇದ್ದಿಲನ್ನು ಬೆರೆಸಿ ಕಲ್ಲಿದ್ದಲ ಬೂದಿಯ ಬಣ್ಣಕ್ಕೆ ತಂದೆವು.

ಗಿಡಗಳಿಗೂ ಕಾಲನಿರ್ಣಯವುಂಟು. ಇಂದು ಬೆಂಗಳೂರಿನ ಯಾವ ಪಾಳು ನೆಲದಲ್ಲಿಯೂ ಕಾಣುವ, ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಭಾರತದಲ್ಲಿ ಹರಡತೊಡಗಿದುದು ೧೯೫೦ರ ದಶಕದ ಈಚೆಗೆ. ೧೯೯೩ರ ದೃ‌ಶ್ಯದಲ್ಲಿ ಅದಿಲ್ಲದಿದ್ದರೆ ತಪ್ಪು. ಮೈಸೂರು ಸ್ಟೇಟ್ ರೈಲ್ವೆಯ ಕಾಲದ ದೃಶ್ಯದಲ್ಲಿ ಅದಿದ್ದರೆ ದೊಡ್ಡ ತಪ್ಪು. ಎಕ್ಕ, ಔಡಲಗಳು ಎರಡು ಕಾಲಕ್ಕೂ ಸಲ್ಲುತ್ತವೆ. ಶಾಸನದ ಲಿಪಿಯಿಂದ ಕಾಲವನ್ನು ನಿರ್ಣಯಿಸುವವರು ಛಾಯಾಚಿತ್ರದ ಕಳೆಯಿಂದಲೂ ನಿರ್ಣಯಿಸಬಹುದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಸಂತೋಷದಿಂದ ಕಂಡುಕೊಂಡರು.

ಮನುಷ್ಯರ ವಿಷಯದಲ್ಲಿ ನಮಗೆ ಹೆಚ್ಚು ತೊಡಕಾಯಿತು. ಈ ಪ್ರಮಾಣದಲ್ಲಿ ಮನುಷ್ಯನ ಎತ್ತರ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಮೆ. ಹೊರದೇಶದ ಬೊಂಬೆಗಳೆಲ್ಲ ಬೂಟು ಹಾಕಿ ಟೊಪ್ಪಿಗೆ ಇಟ್ಟವು. ನಮ್ಮ ಅಂಗಳದಲ್ಲಿ ಅನಿಲದ ಉರಿ ಹಿಡಿದವನ ತಲೆಗೆ ಸುತ್ತಿದ ಟವಲು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ ಬೇಕು. ತುಂಡುಗಳನ್ನು ಹೊರುವವರು ಬೇಕು. ತೂಕದ ಲೆಕ್ಕ ಬರೆದುಕೊಳ್ಳುವ ಉಗ್ರಾಣದ ಗುಮಾಸ್ತ ಬೇಕು, ಹರಾಜಿನಲ್ಲಿ ಕೊಂಡ ಗುಜರಿ ವ್ಯಾಪಾರಿಯ ಕಡೆಯವನು ಬೇಕು. ಬೂದಿಯ ಗುಡ್ಡೆಯಲ್ಲಿ ಅರೆಬೆಂದ ಕಲ್ಲಿದ್ದಲನ್ನು ಆಯುವ ಹೆಂಗಸರು ಉಗಿಯ ಕಾಲದ ಪ್ರತಿ ಷೆಡ್ಡಿನ ಬಳಿಯೂ ಇದ್ದರು. ಒಲೆಗಳು ಆರಿದೊಡನೆ ಅವರ ಜೀವನೋಪಾಯವೂ ಆರಿತು. ೧೯೯೩ರ ಅಂಗಳದಲ್ಲಿ ಅವರನ್ನು ಇಡಬೇಕೋ ಬೇಡವೋ ಎಂದು ನಮ್ಮಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಹೊಸ ಬೂದಿ ಬೀಳುತ್ತಿಲ್ಲ, ಆದುದರಿಂದ ಅವರು ಬಂದಿರಲಾರರು ಎಂಬುದು ಒಂದು ಪಕ್ಷ. ಹಳೆಯ ಗುಡ್ಡೆಯನ್ನು ಕೆದಕಲು ಬಂದೇ ಬರುತ್ತಾರೆ ಎಂಬುದು ಇನ್ನೊಂದು. ಕಡೆಗೆ ಒಬ್ಬ ಮುದುಕಿಯನ್ನು, ಅರ್ಧ ತುಂಬಿದ ಬುಟ್ಟಿಯೊಡನೆ, ಗುಡ್ಡೆಯ ಹಿಂಬದಿಯಲ್ಲಿ ಕೂರಿಸಿದೆವು. ಛಾಯಾಚಿತ್ರ ತೆಗೆಯಲು ಹೊರದೇಶಗಳಿಂದ ಬಂದ ಉಗಿಯ ಅಭಿಮಾನಿಗಳು ಓಡುವ ಎಂಜಿನುಗಳನ್ನು ಪ್ರೀತಿಯಿಂದ ತೆಗೆದಿದ್ದಾರೆ. ಇವಳನ್ನು ತೆಗೆದುದು ಅಪರೂಪ.

ಇಷ್ಟೆಲ್ಲ ಏಕೆ, ಮೈಸೂರಿಗೆ ಹೋಗಿ ನಿಜವಾದ ಎಂಜಿನನ್ನೇ ನೋಡಬಾರದೇ ಎಂದು ಕೇಳಬಹುದು. ನೋಡಲೇಬೇಕು. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ನಮ್ಮ ನಾಡಿನ ಭಾಗ್ಯ; ಅಲ್ಲಿ ಇ. ಎಸ್. ೫೦೬ನ್ನೂ ರಾಜಮನೆತನದ ಗಾಡಿಗಳನ್ನೂ ಕಂಡವರು ಮರೆಯುವುದಿಲ್ಲ. ಆದರೆ ಸಂಗ್ರಹಾಲಯದ ಎಂಜಿನು ಸಾವನ್ನು ತಪ್ಪಿಸಿಕೊಂಡದ್ದು. ಅದಕ್ಕೆ ಬಣ್ಣ ಬಳಿದಿದೆ, ಹಿತ್ತಾಳೆ ಬೆಳಗಿದೆ. ಎರಡು ವರ್ಗಗಳು ಸೇರಿ ೧೯೪೫ ಮೀಟರ್ ಗೇಜ್ ಎಂಜಿನುಗಳಲ್ಲಿ ಅಂಥ ಭಾಗ್ಯ ಪಡೆದುವು ಕೆಲವೇ ಕೆಲವು. ಬ್ಯಾರಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಉಳಿದುವು. ಹಾಗಾಗಿ ಅಲ್ಲಿಯ ಗುಜರಿ ಅಂಗಳದ ಮಾದರಿ ವಾಸ್ತವವಾಗಿ ಪುನರ್ಜನ್ಮದ ಕಥೆ. ನಮ್ಮಲ್ಲಿ ಬಹುಸಂಖ್ಯೆಯ ಎಂಜಿನುಗಳ ಕಥೆ ಹರಾಜಿನ ತೂಕದಲ್ಲಿ ಮುಗಿಯಿತು. ಅರಸರ ಸಮಾಧಿಗಳನ್ನು ಮಾತ್ರ ನೋಡಿ ಪ್ರಜೆಗಳ ಚರಿತ್ರೆಯನ್ನು ಬರೆಯಲಾಗದಷ್ಟೆ.

ಆ ಉಕ್ಕು ಎಲ್ಲಿಗೆ ಹೋಯಿತೆಂಬುದನ್ನು ಎಂಜಿನು ಎಂಜಿನಾಗಿ ಹಿಂಬಾಲಿಸುವುದು ಸಾಧ್ಯವಲ್ಲ. ಕರಗಿದ ಲೋಹಕ್ಕೆ ಹೆಸರಿರುವುದಿಲ್ಲ. ಆದರೆ ರೈಲ್ವೆಯ ಹಳೆಯ ಉಕ್ಕು ಹೊಸ ರೂಪ ತಾಳುವ ಒಂದು ಸ್ಥಳ ಬೆಂಗಳೂರಿನಲ್ಲಿಯೇ ಇದೆ. ೧೯೮೪ರಲ್ಲಿ ಯಲಹಂಕದಲ್ಲಿ ಪ್ರಾರಂಭವಾದ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ರೈಲ್ವೆಯದೇ ಹಳೆಯ ಗಾಲಿ, ಅಚ್ಚು, ಹಳಿಗಳ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರ್ಯಾಫೈಟಿನ ಅಚ್ಚುಗಳಲ್ಲಿ ಹೊಸ ಗಾಲಿಗಳನ್ನು ಎರಕಹೊಯ್ಯುತ್ತದೆ. ಕಿರು ಗೇಜಿನ ಚಿಕ್ಕಬಳ್ಳಾಪುರದ ದಾರಿ ಹಾದುಹೋಗುತ್ತಿದ್ದುದೂ ಇದೇ ಯಲಹಂಕದ ಮೂಲಕ. ಆ ದಾರಿಯ ಕೋಲಾರದ ಕಡೆಯ ಭಾಗ ಬ್ರಾಡ್ ಗೇಜಾಗಿ ಮತ್ತೆ ತೆರೆದುದು ೨೦೧೩ರಲ್ಲಿ. ಅದರ ಗೇಜು ೭೬೨ ಮಿಲಿಮೀಟರ್. ನಮ್ಮ ಪ್ರಮಾಣದಲ್ಲಿ ೯ ಮಿಲಿಮೀಟರಿನ ಹಳಿ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಎರಡನೆಯ ಹಲಗೆಯನ್ನು ಆ ದಾರಿಗೆಂದು ಕೊಯ್ಯಿಸಿ ತಂದಿದ್ದೇವೆ. ಯಲಹಂಕದ ನೆಲದ ಮಣ್ಣು ಡಬ್ಬಿಯಲ್ಲಿದೆ. ಕಿರು ಎಂಜಿನಿನ ಅಳತೆಗಳನ್ನು ಗುರುತುಹಾಕಿಕೊಳ್ಳುವ ಕೆಲಸ ನಡೆದಿದೆ.